ರಂಗೋಲಿಯ ಪಕ್ಕದ ಎಣ್ಣೆಯ ಹನಿ

ಹೋದ ಸಂಚಿಕೆಯಲ್ಲಿ ಮಿಕ್ಸರಿನ ಜಾರು ಸೋರಿದರೆ ಏನು ಮಾಡಬೇಕೆಂದು ಬರೆದಿದ್ದೆನಷ್ಟೆ. ಅದನ್ನೋದಿ ಒಬ್ಬ ಸೋದರಿ ಹೀಗೆ ಬರೆದಿದ್ದಾರೆ: “ಅಕ್ಕಾ, ಮಿಕ್ಸರಿನ ಸೋರಿಕೆ ನಿಂತಿತು. ನಮ್ಮ ಕಾರಿನದು ನಿಲ್ಲಿಸುವುದು ಹೇಗೆ? ದಿನಾ ಬೆಳಿಗ್ಗೆ ಅಂಗಳದಲ್ಲಿ ಎಣ್ಣೆ ಬಿದ್ದಿರುತ್ತದೆ. ನಮ್ಮ ಮನೆಯವರಿಗೆ ಹೇಳಿದರೆ, ಹಳೇ ಗಾಡಿ, ಅಷ್ಟು ಇರೋದೇ ಅಂತಾರೆ. ಇದನ್ನು ನಿಮಗೆ ಕೇಳಬಹುದೋ ಇಲ್ಲವೋ ತಿಳಿಯದು.”

ಧಾರಾಳವಾಗಿ ಕೇಳಬಹುದು. ಕಾರಿನ ಮಾತು ಈ ಅಂಕಣದಲ್ಲೇಕೆ ಎಂದು ಕೆಲವರಿಗೆ ಅನ್ನಿಸೀತು. ಅಂಥವರಿಗಾಗಿ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ನಮ್ಮದು ಕುಂದಗೋಳ ತಾಲ್ಲೂಕಿನ ಕುಬಿಹಾಳ. ಎರಿ ಭೂಮಿಯ ಸೀಮೆ. ಮೆಣಸಿನಕಾಯಿ, ಹತ್ತಿ, ಜೋಳ, ಕಡಲೆ ಇವೇ ನಮ್ಮ ಬದುಕು. ನಾಲ್ಕು ವರ್ಷದ ಹಿಂದೆ ಮೆಣಸಿನಕಾಯಿ ಚೆನ್ನಾಗಿ ಬಂದಾಗ ನಮ್ಮ ಮನೆಯವರು ಒಂದು ಹಳೇ ಸಣ್ಣ ಕಾರನ್ನು ತಂದರು. ಅತ್ತಿಯವರು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದರು. ಅಂಗಳದ ಫರಸಿಯ ಮೇಲೆ, ತುಳಸಿಕಟ್ಟೆಯ ಮಗ್ಗುಲಲ್ಲಿ ಅದರ ಠಿಕಾಣಿ ಆಯಿತು.

ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಥಳಿ ಹೊಡೆದು, ರಂಗೋಲಿ ಹಾಕುವವಳು ನಾನು. ಒಂದು ದಿನ ಕಾರು ನಿಲ್ಲುವ ಜಾಗದಲ್ಲಿ ಒಂದು ಕರಿ ಹನಿ ಕಂಡಿತು, ನಾಲ್ಕಾಣೆಯಷ್ಟು ಅಗಲ. ಬೂದಿ ಹಾಕಿ ತಿಕ್ಕಿದೆ. ಮರುದಿನ ಮತ್ತೆ ಕಂಡಿತು, ಮತ್ತೆ ತಿಕ್ಕಿದೆ. ದಿನ ಕಳೆದಂತೆ ನಾಲ್ಕಾಣೆ ಎಂಟಾಣೆಯಾಯಿತು, ಎಂಟಾಣೆ ರೂಪಾಯಿಯಾಯಿತು. ನಾನು ರಂಗೋಲಿಯನ್ನು ಒಂದು ಮೊಳ ಆಚೆ ಸರಿಸಿ ಹಾಕತೊಡಗಿದೆ. ಆದರೆ ಯಾರಿಗೂ ಹೇಳಲಿಲ್ಲ. ಕಾರೆಂದರೆ ಗಂಡಸರ ಕಾರಭಾರು, ನಾನು ಹೇಳಿದರೆ “ನಿನಗೇನ ತಿಳೀತೈತಿ” ಎಂದಾರು ಎಂಬ ಅಳುಕು. ಹೀಗೇ ಮೂರು ತಿಂಗಳು ಹೋಯಿತು.

ಒಂದು ರಾತ್ರಿ ಹತ್ತೂವರೆಯ ಸುಮಾರಿಗೆ ಮಾವನವರು ಎದೆ ಹಿಡಿದುಕೊಂಡು ಕೂತರು. ಮೈಯೆಲ್ಲ ಬೆವರು. ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹುಬ್ಬಳ್ಳಿಯತ್ತ ಹೊರಟೆವು. ಅರ್ಧ ದಾರಿ ಹೋಗಿರಬೇಕು, ಸ್ಟೇರಿಂಗಿನ ಹಿಂದೆ ಗಿಂಡಿಯ ಆಕಾರದ ಒಂದು ಕೆಂಪು ದೀಪ ಹತ್ತಿತು.

“ರೀ, ಅದೇನೋ ಕೆಂಪು ದೀಪ ಹತ್ತೇತಿ.”

“ಹತ್ತವಲ್ದ್ಯಾಕ, ಮೊದಲ ಅಪ್ಪನ್ನ ದವಾಖಾನಿ ಮುಟ್ಟಸೂಣು.”

ಅವರದು ತಪ್ಪೆನ್ನಲಾರೆ. ತಂದೆ ನರಳುತ್ತಿರುವಾಗ ದೀಪ ನೋಡುತ್ತ ಕೂಡುವವರು ಯಾರು? ಸ್ವಲ್ಪ ಹೊತ್ತಿಗೆ ಇಂಜಿನ್ನಿನೊಳಗೆ ಒಳಕಲ್ಲಿನಲ್ಲಿ ಕುಟ್ಟಿದಂಥ ಸದ್ದು ಸುರುವಾಯಿತು. ಆಮೇಲೆ ಒಮ್ಮೆಲೇ ಎಲ್ಲ ಬಂದ್. ಎರಡೂ ಕಡೆ ಹೊಲ, ಕತ್ತಲು. ಅಲ್ಲಿಂದ 108ಕ್ಕೆ ಫೋನು ಮಾಡಿದೆವು. ಆಂಬುಲೆನ್ಸ್ ಬಂದು ಮಾವನವರನ್ನು ಕರೆದೊಯ್ಯಿತು. ಎದೆನೋವೆಂದಾಗ ಮನೆಯಿಂದಲೇ ಆ ಫೋನು ಮಾಡಬೇಕಿತ್ತು, ಅದೊಂದು ಬೇರೆಯೇ ಪಾಠ. ದೇವರು ದೊಡ್ಡವನು, ಮಾವನವರು ಉಳಿದರು. ಆದರೆ ಆ ಮುಕ್ಕಾಲು ತಾಸು ನಾವು ರಸ್ತೆಯ ಮೇಲೆ ಹೇಗೆ ನಿಂತಿದ್ದೆವೆಂಬುದು ನಮಗೇ ಗೊತ್ತು.

ಮರುದಿನ ಕಾರನ್ನು ನೋಡಿದ ಮಿಸ್ತ್ರಿ, “ಇಂಜಿನ್ನಿನ್ಯಾಗ ಎಣ್ಣಿನ ಇಲ್ರಿ. ಎಷ್ಟ ದಿನದಿಂದ ಸೋರಾಕತ್ತಿತ್ತು?” ಎಂದು ಕೇಳಿದ. ನಮ್ಮ ಮನೆಯವರು “ಗೊತ್ತಿಲ್ಲ” ಎಂದರು. ಗೊತ್ತಿದ್ದವಳು ಪಕ್ಕದಲ್ಲೇ ಸುಮ್ಮನೆ ನಿಂತಿದ್ದಳು. ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕಾಯಿತು. ಮಗಳ ಕಾಲೇಜಿನ ಫೀಜಿಗೆಂದು ತೆಗೆದಿಟ್ಟ ಹಣ ಅದಕ್ಕೇ ಹೋಯಿತು.

ಮಾವನವರು ಮನೆಗೆ ಬಂದ ಮೇಲೆ ಒಂದು ದಿನ ಅವರೆದುರು ಅತ್ತು ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. “ಮನಿಯಾಗ ಎಲ್ಲಾರಕಿಂತ ಮೊದಲ ಏಳಾಕಿ ನೀನು, ಮೊದಲ ಕಾಣಾಕಿನೂ ನೀನು. ಕಂಡದ್ದ ಹೇಳಾಕ ಯಾರ ಅಪ್ಪಣಿ ಬೇಕವ್ವಾ?” ಎಂದರು.

ಸೋದರಿಯರೇ, ಇವತ್ತು ನಾನು ಹೇಳಬೇಕೆಂದಿರುವುದೂ ಅದನ್ನೇ. ಅಂಗಳ ಗುಡಿಸುವವಳಿಗೆ ಕಾರಿನ ಸೋರಿಕೆ ಎಲ್ಲರಿಗಿಂತ ಮೊದಲು ಕಾಣುತ್ತದೆ. ಅದನ್ನು ಒರೆಸಿ ಹಾಕುವ ಮೊದಲು ಓದಲು ಕಲಿತರೆ ಹಣವೂ ಉಳಿಯುತ್ತದೆ, ಕೆಲವೊಮ್ಮೆ ಜೀವವೂ ಉಳಿಯುತ್ತದೆ.

ಎಣ್ಣೆ ಏಕೆ ಅಷ್ಟು ಮುಖ್ಯ?

ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕದಿದ್ದರೆ ಅದು ಊರೆಲ್ಲ ಕೇಳುವಂತೆ ಕಿರುಗುಡುತ್ತದೆ, ತಿಂಗಳೊಪ್ಪತ್ತಿನಲ್ಲಿ ಸವೆಯುತ್ತದೆ. ಇಂಜಿನ್ನಿನ ಒಳಗಿನ ದಂಡ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುತ್ತದೆ. ಅದು ತಿರುಗುವುದು ಕಬ್ಬಿಣದ ಮೇಲಲ್ಲ, ಕೂದಲಿಗಿಂತ ತೆಳುವಾದ ಎಣ್ಣೆಯ ಪದರಿನ ಮೇಲೆ. ಆ ಪದರು ಹರಿದರೆ ಕೆಲವೇ ನಿಮಿಷಗಳಲ್ಲಿ ಲೋಹಕ್ಕೆ ಲೋಹ ತಿಕ್ಕಿ, ಕಾದು, ಕಚ್ಚಿಕೊಂಡುಬಿಡುತ್ತದೆ. ಸಣ್ಣ ಕಾರಿನ ಇಂಜಿನ್ನಿನಲ್ಲಿ ಇರುವ ಎಣ್ಣೆಯೇ ಸುಮಾರು ಮೂರು ಲೀಟರು. ದಿನಕ್ಕಿಷ್ಟು ಹನಿ ಎಂದು ಹೋದರೂ ಕೆಲವು ತಿಂಗಳಲ್ಲಿ ತಳ ಕಾಣುತ್ತದೆ. ಇನ್ನೊಂದು ಅಪಾಯವೂ ಉಂಟು. ಸೋರಿದ ಎಣ್ಣೆ ಹೊಗೆ ಹೋಗುವ ಬಿಸಿ ಕೊಳವೆಯ ಮೇಲೆ ಬಿದ್ದರೆ, ಕಾದ ಹಂಚಿನ ಮೇಲೆ ಎಣ್ಣೆ ಚೆಲ್ಲಿದಂತೆ ಹೊಗೆಯೇಳುತ್ತದೆ. ಬೆಂಕಿ ಹತ್ತುವುದೂ ಉಂಟು.

ಮೊದಲು ರಟ್ಟು ಹಾಸಿ

ಇದಕ್ಕೆ ಬೇಕಾಗುವುದು ಒಂದು ಸ್ವಚ್ಛವಾದ ರಟ್ಟು, ಟಿ.ವಿ. ಅಥವಾ ಫ್ರಿಜ್ಜಿನ ಪೆಟ್ಟಿಗೆಯದಾದರೆ ಉತ್ತಮ. ಅದಿಲ್ಲದಿದ್ದರೆ ನಾಲ್ಕು ಪದರು ಹಳೆಯ ಪತ್ರಿಕೆ (ಇದನ್ನಲ್ಲ!). ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕತ್ತಲಾಗುವ ಮೊದಲು ಇಂಜಿನ್ನಿನ ಕೆಳಗೆ ರಟ್ಟನ್ನು ತಳ್ಳಿ. ಕಾರಿನ ಕೆಳಗೆ ನೀವು ಹೋಗಬೇಡಿ, ಕಸಬರಿಗೆಯ ಹಿಡಿಯಿಂದ ತಳ್ಳಿದರೆ ಸಾಕು. ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲಿಡಿ. ರಟ್ಟಿನ ಮೇಲೆ “ಮುಂದೆ”, “ಹಿಂದೆ”, “ಎಡ”, “ಬಲ” ಎಂದು ಇದ್ದಿಲಿನಿಂದ ಬರೆದು, ಮುಂದಿನ ಎರಡು ಗಾಲಿಗಳ ಜಾಗಕ್ಕೂ ಗುರುತು ಮಾಡಿ. ಬೆಳಿಗ್ಗೆ ರಟ್ಟನ್ನು ಹೊರಗೆಳೆದಾಗ ಯಾವ ಹನಿ ಯಾವ ಭಾಗದ ಕೆಳಗೆ ಬಿತ್ತೆಂಬುದು ಆ ಗುರುತುಗಳಿಂದಲೇ ತಿಳಿಯಬೇಕು. ಹೀಗೆ ಮೂರು ರಾತ್ರಿ ಮಾಡಿ. ಒಂದು ರಾತ್ರಿಯದು ಆಕಸ್ಮಿಕವಿರಬಹುದು, ಮೂರೂ ರಾತ್ರಿ ಒಂದೇ ಜಾಗದಲ್ಲಿ ಬಿದ್ದರೆ ಅದು ಸೋರಿಕೆಯೇ ಸೈ.

ಸಾಮಾನ್ಯವಾಗಿ ಇಂಜಿನ್ ಮುಂದಿನ ಬಾನೆಟ್ಟಿನ ಕೆಳಗಿರುತ್ತದೆ. ಹಳೇ ವ್ಯಾನಿನಂಥ ಗಾಡಿಗಳಲ್ಲಿ ಮುಂದಿನ ಸೀಟಿನ ಕೆಳಗಿರುವುದುಂಟು, ಅಂಥಲ್ಲಿ ರಟ್ಟನ್ನು ಅಷ್ಟು ಹಿಂದಕ್ಕೆ ಹಾಸಬೇಕು.

ನಮ್ಮ ಎರಿ ಸೀಮೆಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಅಂಟು ಮಣ್ಣು ಕಾರಿನ ಹೊಟ್ಟೆಗೆ ಮೆತ್ತಿಕೊಂಡು ಎಣ್ಣೆಯನ್ನು ತಾನೇ ಕುಡಿದುಬಿಡುತ್ತದೆ, ನೆಲಕ್ಕೆ ಒಂದು ಹನಿಯೂ ಬೀಳದು. ಕೆಲವು ಕಾರುಗಳಲ್ಲಿ ಕೆಳಗೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ, ಅದೂ ತಟ್ಟೆಯಂತೆ ಎಣ್ಣೆಯನ್ನು ಹಿಡಿದಿಡುತ್ತದೆ. ಆದ್ದರಿಂದ ರಟ್ಟು ಒಣಗಿದೆಯೆಂದು ನಿಶ್ಚಿಂತೆಯಾಗಬೇಡಿ. ಕಡ್ಡಿಯನ್ನೂ ನೋಡಬೇಕು, ಅದನ್ನು ಮುಂದೆ ಹೇಳುತ್ತೇನೆ.

ಹನಿಯ ಬಣ್ಣ, ವಾಸನೆ

ಸಾರಿನ ಬಣ್ಣ ನೋಡಿಯೇ ಖಾರ ಹೇಳಬಲ್ಲ ನಮಗೆ ಇದೇನು ಕಷ್ಟವಲ್ಲ. ಬಿಳಿ ಕಾಗದದ ತುಂಡಿಗೆ ಹನಿಯನ್ನು ಹಚ್ಚಿ ಬೆಳಕಿಗೆ ಹಿಡಿಯಿರಿ.

ಜೇನಿನ ಬಣ್ಣದಿಂದ ಜೋನಿ ಬೆಲ್ಲದ ಬಣ್ಣದವರೆಗೆ, ಇಲ್ಲವೆ ಕಪ್ಪಗೆ, ಜಿಡ್ಡಾಗಿದ್ದರೆ ಇಂಜಿನ್ ಆಯಿಲ್. ಹೊಸದು ತಿಳಿಯಾಗಿರುತ್ತದೆ, ಹಳೆಯದು ಕಪ್ಪಾಗಿರುತ್ತದೆ.

ದಪ್ಪಗಿದ್ದು, ಗಂಧಕದಂಥ ಕೆಟ್ಟ ವಾಸನೆ ಬಂದರೆ ಗೇರ್ ಬಾಕ್ಸಿನ ಎಣ್ಣೆ.

ಕೆಂಪಗಿದ್ದರೆ ಪವರ್ ಸ್ಟೇರಿಂಗಿನದೋ ಆಟೊಮ್ಯಾಟಿಕ್ ಗೇರಿನದೋ ಇರಬಹುದು.

ಹಸಿರು, ಗುಲಾಬಿ ಅಥವಾ ನೀಲಿ ಬಣ್ಣದ, ನೀರಿನಷ್ಟು ತೆಳುವಾದ, ಸಿಹಿ ವಾಸನೆಯದಾದರೆ ರೇಡಿಯೇಟರಿನ ಕೂಲಂಟ್. ಇದು ವಿಷ. ಸಿಹಿಯೆಂದು ನಾಯಿ ಬೆಕ್ಕುಗಳು ನೆಕ್ಕುತ್ತವೆ, ಮಕ್ಕಳೂ ಬೆರಳು ಅದ್ದುತ್ತಾರೆ. ಕಂಡ ಕೂಡಲೇ ತೊಳೆಯಿರಿ.

ಹರಳೆಣ್ಣೆಯಂತೆ ತಿಳಿಹಳದಿಯಾಗಿದ್ದು, ಗಾಲಿಯ ಹತ್ತಿರವೋ ಬ್ರೇಕ್ ಪೆಡಲಿನ ಕೆಳಗೋ ಬಿದ್ದಿದ್ದರೆ ಅದು ಬ್ರೇಕಿನ ದ್ರವ. ಇದು ಕಂಡರೆ ಕಾರನ್ನು ಒಂದು ಮಾರೂ ಓಡಿಸಬೇಡಿ. ಮಿಸ್ತ್ರಿಯನ್ನೇ ಮನೆಗೆ ಕರೆಸಿ.

ಬಣ್ಣವಿಲ್ಲದೆ, ಜಿಡ್ಡಿಲ್ಲದೆ, ಕಾಗದದ ಮೇಲೆ ಆರಿಹೋದರೆ ಅದು ಬರೀ ನೀರು. ಬೇಸಿಗೆಯಲ್ಲಿ ಎ.ಸಿ. ಹಾಕಿ ಬಂದ ಕಾರು ನೀರು ಸುರಿಸುವುದು ಸಹಜ, ಅದಕ್ಕೆ ಹೆದರಬೇಕಾಗಿಲ್ಲ.

ಕಡ್ಡಿ ಹೇಳುವ ಮಾತು

ಬಾನೆಟ್ ಎತ್ತಿದರೆ ಸಾಮಾನ್ಯವಾಗಿ ಹಳದಿ ಅಥವಾ ಕಿತ್ತಳೆ ಬಣ್ಣದ ಉಂಗುರವಿರುವ ಕಡ್ಡಿಯೊಂದು ಕಾಣುತ್ತದೆ. ಡಿಪ್‌ಸ್ಟಿಕ್ ಎನ್ನುವುದು ಇದಕ್ಕೇ. ಕಾರು ಸಮತಟ್ಟಾಗಿ ನಿಂತು, ಇಂಜಿನ್ ಬಂದಾಗಿ ಹತ್ತು ನಿಮಿಷವಾದರೂ ಆಗಿರಬೇಕು. ಬೆಳಿಗ್ಗೆ ಗಾಡಿ ಸುರು ಮಾಡುವ ಮುಂಚೆ ನೋಡಿದರೂ ಆದೀತು. ಕಡ್ಡಿ ಹೊರಗೆಳೆದು ಒರೆಸಿ, ಪೂರ್ತಿ ಒಳಗೆ ತೂರಿಸಿ, ಮತ್ತೆ ಎಳೆದು ನೋಡಿ. ಮೊದಲ ಸಲದ ಗುರುತನ್ನು ನಂಬಬಾರದು. ತುದಿಯಲ್ಲಿ ಎರಡು ಗೆರೆ ಇಲ್ಲವೆ ಎರಡು ತೂತುಗಳಿರುತ್ತವೆ. ಎಣ್ಣೆಯ ಮಟ್ಟ ಅವೆರಡರ ನಡುವೆ ಇರಬೇಕು. ಬಹಳಷ್ಟು ಕಾರುಗಳಲ್ಲಿ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವಿನ ಅಂತರ ಸುಮಾರು ಒಂದು ಲೀಟರು.

ಕಡಿಮೆಯಿದ್ದರೆ ಕಾರಿನ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ತಂದು, ಸ್ವಲ್ಪ ಸ್ವಲ್ಪವೇ ಹಾಕಿ, ಆಗಾಗ ಕಡ್ಡಿ ನೋಡಿ. ಇದ್ದರೆ ಇರಲಿ ಎಂದು ಮೇಲಿನ ಗೆರೆ ದಾಟಿಸಬೇಡಿ. ಹೆಚ್ಚಾದ ಎಣ್ಣೆ ಒಳಗೆ ಮಜ್ಜಿಗೆ ಕಡೆದಂತೆ ನೊರೆಯೇಳುತ್ತದೆ, ನೊರೆಯಲ್ಲಿ ಸತ್ವವಿರುವುದಿಲ್ಲ.

ರಟ್ಟಿನ ಮೇಲೆ ಹನಿಯಿಲ್ಲ, ಹೊದಿಕೆಯಲ್ಲೂ ಇಲ್ಲ, ಆದರೂ ಕಡ್ಡಿಯಲ್ಲಿ ಮಟ್ಟ ಇಳಿಯುತ್ತಿದೆ ಎಂದಾದರೆ ಇಂಜಿನ್ ಎಣ್ಣೆಯನ್ನು ಒಳಗೇ ಸುಡುತ್ತಿರಬಹುದು. ಆಗ ಹಿಂದಿನ ಕೊಳವೆಯಿಂದ ನೀಲಿ ಛಾಯೆಯ ಹೊಗೆ ಬರುತ್ತದೆ. ಕಡ್ಡಿಯಲ್ಲಿನ ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ನೀರು ಒಳಗೆ ಸೇರಿದೆಯೆಂದು ಅರ್ಥ, ಇಂಜಿನ್ ಸುರು ಮಾಡಲೇಬೇಡಿ. ಬರೇ ಎಣ್ಣೆ ಹಾಕುವ ಮುಚ್ಚಳದ ಒಳಗೆ ಕೆನೆಯಂಥದು ತುಸು ಕಂಡರೆ ಗಾಬರಿ ಬೇಡ. ದಿನಾ ಹತ್ತಿರದಲ್ಲೇ ಓಡಾಡುವ ಕಾರುಗಳಲ್ಲಿ ಆವಿ ಕೂತು ಹಾಗಾಗುತ್ತದೆ.

ಪೌಡರಿನ ಉಪಾಯ

ಇನ್ನು ಸೋರುವುದು ಎಲ್ಲಿಂದ ಎಂಬ ಪ್ರಶ್ನೆ. ಇಲ್ಲೇ ಬಹಳ ಮಂದಿ ಮೋಸ ಹೋಗುವುದು. ಮಾಳಿಗೆಯ ಮನೆ ಸೋರುವುದನ್ನು ನೋಡಿದ್ದೀರಲ್ಲ? ನೀರು ತೊಟ್ಟಿಕ್ಕುವುದು ಪಡಸಾಲೆಯಲ್ಲಿ, ತೂತು ಇರುವುದು ಅಡುಗೆಮನೆಯ ಮೇಲೆ. ತೊಲೆ ಹಿಡಿದುಕೊಂಡು ಹರಿದು ಬಂದಿರುತ್ತದೆ. ಎಣ್ಣೆಯೂ ಹಾಗೆಯೇ ಮೇಲಿನಿಂದ ಇಳಿದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ಎಲ್ಲೋ ತಗ್ಗಿನಲ್ಲಿ ಹನಿಯುತ್ತದೆ. ಆದ್ದರಿಂದ ಅತಿ ಮೇಲೆ, ಅತಿ ಮುಂದೆ ಒದ್ದೆಯಾದ ಜಾಗ ಯಾವುದೆಂದು ಹುಡುಕಬೇಕು.

ಇಂಜಿನ್ ಪೂರ್ತಿ ತಣ್ಣಗಾದಾಗ, ಬ್ಯಾಟರಿಯನ್ನೋ ಮೊಬೈಲಿನ ಬೆಳಕನ್ನೋ ಹಿಡಿದು ಮೇಲಿನಿಂದ ನೋಡಿ. ಜಿಡ್ಡು ಕಂಡಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಪಾತ್ರೆ ತೊಳೆಯುವ ಸಾಬೂನು ಹಚ್ಚಿ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ, ಆರಲು ಬಿಡಿ. ಕೊಡದಿಂದ ನೀರು ಸುರಿಯಬಾರದು, ಒಳಗೆ ವೈರುಗಳಿರುತ್ತವೆ. ಪೆಟ್ರೋಲು, ಸೀಮೆಎಣ್ಣೆಗಳಿಂದ ತೊಳೆಯುವವರಿದ್ದಾರೆ, ಅದು ಬೆಂಕಿಯ ಜೊತೆ ಸರಸ. ಚೆನ್ನಾಗಿ ಆರಿದ ಮೇಲೆ ಮೈಗೆ ಹಚ್ಚುವ ಟಾಲ್ಕಂ ಪೌಡರನ್ನು ಅನುಮಾನವಿರುವ ಜಾಗಕ್ಕೆ ತೆಳ್ಳಗೆ ಉದುರಿಸಿ. ಬೆಲ್ಟಿನ ಮೇಲೂ ಗಾಳಿ ಎಳೆಯುವ ಕೊಳವೆಯ ಹತ್ತಿರವೂ ಬೇಡ. ಆಮೇಲೆ ಬಾನೆಟ್ ಮುಚ್ಚಿ ಕಾರನ್ನು ನಾಲ್ಕೈದು ಕಿಲೋಮೀಟರು ಓಡಿಸಿ ತರಲು ಹೇಳಿ. ಬಂದು ಇಂಜಿನ್ ಆರಿದ ಮೇಲೆ ನೋಡಿದರೆ, ಬಿಳಿ ಪೌಡರಿನ ಮೇಲೆ ಕಾಡಿಗೆ ಎಳೆದಂತೆ ಒಂದು ಕರಿ ಗೆರೆ ಕಾಣುತ್ತದೆ. ಆ ಗೆರೆಯ ಮೇಲಿನ ತುದಿಯೇ ಸೋರಿಕೆಯ ಮೂಲ.

ಸಾಮಾನ್ಯವಾಗಿ ಸೋರುವ ಜಾಗಗಳು ಇವು: ಎಣ್ಣೆ ಹಾಕುವ ಮುಚ್ಚಳ, ಇಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗು, ಆಯಿಲ್ ಫಿಲ್ಟರು, ಆಯಿಲ್ ಪ್ರೆಶರಿನ ಸ್ವಿಚ್ಚು, ತಳದ ಚೇಂಬರಿನ ಪ್ಯಾಕಿಂಗು, ಚೇಂಬರಿನ ಎಣ್ಣೆ ಇಳಿಸುವ ಬೋಲ್ಟು ಮತ್ತು ಅದರ ವಾಶರು, ಬೆಲ್ಟಿನ ಕಡೆಯ ಆಯಿಲ್ ಸೀಲು, ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಹಿಂದಿನ ಸೀಲು. ಮೊದಲಿನ ಕೆಲವು ಅಗ್ಗದ ಕೆಲಸ. ಎಲ್ಲಕ್ಕೂ ತುಟ್ಟಿಯದು ಕೊನೆಯದು. ಸೀಲಿಗೆ ಹೆಚ್ಚು ಬೆಲೆಯಿಲ್ಲ, ಆದರೆ ಅದನ್ನು ಹಾಕಲು ಗೇರ್ ಬಾಕ್ಸನ್ನೇ ಇಳಿಸಬೇಕು. ಮಜೂರಿಯೇ ಅಲ್ಲಿ ಭಾರ.

ಎರಡನೆಯ ಸಲ

ಹೋದ ವರ್ಷ ಮತ್ತೆ ಹನಿ ಕಂಡಿತು. ಈ ಸಲ ಅದೇ ದಿನ ಹೇಳಿದೆ. ನಮ್ಮ ಮನೆಯವರು ಕಾರನ್ನು ಒಂದು ಗ್ಯಾರೇಜಿಗೆ ಒಯ್ದರು. ಮಿಸ್ತ್ರಿ ಕೆಳಗೆ ಬಗ್ಗಿ ನೋಡಿ, “ಹಿಂದಿನ ಸೀಲ್ ಹೋಗೇತ್ರಿ, ಗೇರ್ ಬಾಕ್ಸ್ ಇಳಸಬೇಕು” ಎಂದು ದೊಡ್ಡ ಅಂಕಿಯನ್ನೇ ಹೇಳಿದ. ಅವರು ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದರು. ನಾನು, “ಮೂರು ದಿನ ನನಗ ಬಿಡ್ರಿ” ಎಂದೆ. ರಟ್ಟು ಹಾಸಿದೆ, ಕಡ್ಡಿ ನೋಡಿದೆ, ಮೇಲೆ ತಿಕ್ಕಿ ತೊಳೆದು ಮಗಳ ಪೌಡರಿನ ಡಬ್ಬಿಯನ್ನು ಅರ್ಧ ಖಾಲಿ ಮಾಡಿದೆ. ಕಾರು ಒಂದು ಸುತ್ತು ಹೋಗಿಬಂದಾಗ, ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಕರಿ ಗೆರೆಯೊಂದು ಸರಾಗವಾಗಿ ಗೇರ್ ಬಾಕ್ಸಿನ ಕಡೆಗೆ ಇಳಿದಿತ್ತು! ಮೊಬೈಲಿನಲ್ಲಿ ಅದರ ಫೋಟೊ ತೆಗೆದು ಅದೇ ಮಿಸ್ತ್ರಿಗೆ ತೋರಿಸಿದೆವು. ಆತ ನಕ್ಕು, “ಅಕ್ಕಾರ, ಇದು ಬರೇ ಪ್ಯಾಕಿಂಗ್ ಬಿಡ್ರಿ” ಎಂದ. ಒಂದು ತಾಸಿನ ಕೆಲಸ, ಕೆಲವೇ ನೂರು ರೂಪಾಯಿಗಳಲ್ಲಿ ಮುಗಿಯಿತು.

ಆತ ಮೋಸಗಾರನೆಂದು ನಾನು ಹೇಳುವುದಿಲ್ಲ. ಕೆಳಗೆ ಒದ್ದೆಯಾದದ್ದನ್ನು ಕಂಡ, ಕಂಡದ್ದನ್ನು ಹೇಳಿದ. ಆತನಿಗಿದ್ದದ್ದು ಐದು ನಿಮಿಷ, ನನಗಿದ್ದದ್ದು ಮೂರು ರಾತ್ರಿ. ರೋಗಿಯ ಜೊತೆ ಇದ್ದವರು ಸರಿಯಾಗಿ ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಹಗುರ, ಹೌದಲ್ಲವೆ? ಇದೂ ಹಾಗೆಯೇ. ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಮತ್ತೆ ಮತ್ತೆ ಸೋರಿದರೆ, ಇಂಜಿನ್ನಿನ ಉಸಿರಿನ ಕೊಳವೆ, ಅಂದರೆ ಬ್ರೀದರ್ ಕಟ್ಟಿದೆಯೇ ನೋಡಲು ಕೇಳಿ. ಕುಕ್ಕರಿನ ಸೀಟಿ ಕಟ್ಟಿದರೆ ರಬ್ಬರಿನ ಬಳೆಯ ಸಂದಿಯಿಂದ ಆವಿ ನುಗ್ಗುವಂತೆ, ಒಳಗಿನ ಒತ್ತಡ ಎಣ್ಣೆಯನ್ನು ಸಂದಿಗಳಿಂದ ಹೊರಗೆ ತಳ್ಳುತ್ತದೆ.

“ಹೆಂಗಸರ ಕೆಲಸವೇ ಇದು?”

ನಮ್ಮ ಓಣಿಯಲ್ಲಿ ಕೆಲವರು ಹೀಗೆ ಕೇಳಿದರು. ಅವರಿಗೆ ನಾನು ಹೇಳಿದ ಕಥೆ ಇದು. ಜರ್ಮನಿಯಲ್ಲಿ ಕಾರ್ಲ್ ಬೆಂಜ್ ಎಂಬಾತ ಕಾರನ್ನು ಕಟ್ಟಿದನೇನೋ ಸರಿ, ಆದರೆ ಅದನ್ನು ಕೊಳ್ಳುವ ಧೈರ್ಯ ಜನಕ್ಕೆ ಬಂದಿರಲಿಲ್ಲ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ಥಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಮಾನ್‌ಹೈಮಿನಿಂದ ತನ್ನ ತವರೂರು ಫೋರ್ಟ್ಸ್‌ಹೈಮಿಗೆ ಸುಮಾರು 106 ಕಿಲೋಮೀಟರು ಅದೇ ಕಾರಿನಲ್ಲಿ ಹೋದಳು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿದಾಗ ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದಳು. ವೈರಿನ ಹೊದಿಕೆ ಹೋದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನ ಬಳಿ ಚರ್ಮ ಹೊಡೆಸಿಕೊಂಡಳು. ಕಾರನ್ನು ನಂಬಿ ಅಷ್ಟು ದೂರ ಪ್ರಯಾಣ ಮಾಡಿದ ಮೊದಲನೆಯವಳೇ ಅವಳು. ಅವಳ ಪಿನ್ನಿಗೆ ನಡೆದದ್ದು ನಮ್ಮ ಪೌಡರಿನ ಡಬ್ಬಿಗೆ ನಡೆಯಬಾರದೇ?

ಎಚ್ಚರಿಕೆಯ ಮಾತುಗಳು

ಸೆರಗು ಬಿಗಿಯಾಗಿ ಸಿಗಿಸಿ, ಜಡೆ ಕಟ್ಟಿ, ತಾಳಿಯನ್ನು ಕುಪ್ಪಸದೊಳಗೆ ಹಾಕಿಕೊಂಡು, ಬಳೆ ಮೇಲಕ್ಕೆ ಸರಿಸಿಕೊಳ್ಳಿ. ಕೀಲಿ ಕೈ ನಿಮ್ಮ ಕಡೆಯೇ ಇರಲಿ. ಇಂಜಿನ್ ಬಂದಾದ ಮೇಲೂ ರೇಡಿಯೇಟರಿನ ಫ್ಯಾನು ಒಮ್ಮೆಲೇ ತಿರುಗುವುದುಂಟು.

ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ನಿಮ್ಮ ಮನೆಯವರನ್ನೂ ತೂರಲು ಬಿಡಬೇಡಿ. ಜಾಕ್ ಜಾರಿದರೆ ಉಳಿಗಾಲವಿಲ್ಲ.

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಸುರು ಮಾಡಬೇಡಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಕುಳಿತಲ್ಲೇ ಜೀವ ತೆಗೆಯುತ್ತದೆ.

ಪಾನಾ ಹಿಡಿದು ಬೋಲ್ಟುಗಳನ್ನು ಜಗ್ಗಿ ಬಿಗಿಯಬೇಡಿ. ಕವರು ಸೊಟ್ಟಾಗಿ, ಎಳೆ ಕೆಟ್ಟು ಸೋರಿಕೆ ಇನ್ನೂ ಹೆಚ್ಚೀತು. ಹುಡುಕುವುದು ನಮ್ಮ ಕೆಲಸ, ಬಿಗಿಯುವುದು ಮಿಸ್ತ್ರಿಯದು.

ಗಿಂಡಿಯ ಕೆಂಪು ದೀಪ ಓಡುವಾಗ ಹತ್ತಿದರೆ ಕೂಡಲೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿ. ಅದು ಎಣ್ಣೆ ಕಡಿಮೆಯಾಗುತ್ತಿದೆ ಎನ್ನುವ ದೀಪವಲ್ಲ, ಎಣ್ಣೆಯ ಒತ್ತಡವೇ ಇಲ್ಲವಾಗಿದೆ ಎನ್ನುವ ದೀಪ. “ಇನ್ನೊಂದೀಟ ಹೋಗೂಣು” ಎಂಬ ಮಾತಿಗೆ ನಾವು ತೆತ್ತ ಬೆಲೆಯನ್ನು ಮೇಲೆ ಹೇಳಿದ್ದೇನೆ.

ಕೊನೆಯದಾಗಿ, ಎಣ್ಣೆ ಬಿದ್ದ ರಟ್ಟು, ಬಟ್ಟೆಗಳನ್ನು ಒಲೆಗೆ ಹಾಕಬೇಡಿ. ಬದಲಿಸಿದ ಹಳೇ ಎಣ್ಣೆಯನ್ನು ಹಿತ್ತಲಿಗಾಗಲಿ ಗಟಾರಕ್ಕಾಗಲಿ ಸುರಿಯಬೇಡಿ, ಅದು ಮಳೆಯ ಜೊತೆ ಕೆರೆ ಬಾವಿ ಸೇರುತ್ತದೆ. ಗೆದ್ದಲಿಗೆ ಒಳ್ಳೆಯದೆಂದು ಕಂಬಗಳಿಗೆ ಬರಿಗೈಯಲ್ಲಿ ಬಳಿಯುವ ರೂಢಿ ನಮ್ಮ ಕಡೆ ಉಂಟು. ಬಳಸಿದ ಎಣ್ಣೆ ದಿನಗಟ್ಟಲೆ ಚರ್ಮಕ್ಕೆ ತಾಗುತ್ತಿದ್ದರೆ ಕ್ಯಾನ್ಸರಿಗೂ ದಾರಿಯಾದೀತು. 2016ರ ಕೇಂದ್ರ ಸರ್ಕಾರದ ನಿಯಮಗಳಲ್ಲಿ ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯಗಳ ಸಾಲಿಗೆ ಸೇರಿಸಿದ್ದಾರೆ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೇ ಕೊಡಿ. ಕೈಗೆ ತಾಗಿದ್ದನ್ನು ಸಾಬೂನಿನಿಂದ ತೊಳೆದ ಮೇಲೆಯೇ ರೊಟ್ಟಿ ಹಿಟ್ಟಿಗೆ ಕೈ ಹಾಕಿ.

ಪತ್ರ ಬರೆದ ಸೋದರಿಗೆ ನನ್ನ ಉತ್ತರ ಇಷ್ಟೆ. “ಅಷ್ಟು ಇರೋದೇ” ಎಂದವರೊಡನೆ ವಾದಕ್ಕೆ ಹೋಗಬೇಡಿ. ಮೂರು ರಾತ್ರಿಯ ಮೂರು ರಟ್ಟುಗಳನ್ನು ದಿನಾಂಕ ಬರೆದು ಚಹದ ಹೊತ್ತಿಗೆ ಮುಂದಿಡಿ. ಕಣ್ಣಿಗೆ ಕಂಡದ್ದನ್ನು ಯಾರೂ ಇಲ್ಲವೆನ್ನಲಾರರು. ಆಮೇಲೆ ಒಂದು ರೂಢಿ ಇಟ್ಟುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಈ ಪತ್ರಿಕೆ ಕೈಗೆ ಬಂದ ದಿನ, ಅಡುಗೆಯ ಪುಟ ತೆಗೆಯುವ ಮುಂಚೆ, ಕಾರಿನ ಕಡ್ಡಿಯನ್ನೊಮ್ಮೆ ಎಳೆದು ನೋಡಿ. ಎರಡು ನಿಮಿಷದ ಕೆಲಸ. ನಾನೂ ಹಾಗೇ ಮಾಡುತ್ತೇನೆ.

ನಮ್ಮ ಮಾವನವರು ಈಗ ಆರಾಮಾಗಿದ್ದಾರೆ. ಬೆಳಿಗ್ಗೆ ನಾನು ರಂಗೋಲಿ ಹಾಕುವಾಗ ಕಟ್ಟೆಯ ಮೇಲೆ ಕೂತು, “ಏನವ್ವಾ, ಇವತ್ತ ಏನರ ಬಿದ್ದೈತೇನು?” ಎಂದು ಕೇಳುತ್ತಾರೆ. “ಇಲ್ರಿ ಮಾವಾರ, ನೆಲಾ ಸ್ವಚ್ಛ ಐತಿ” ಎನ್ನುತ್ತೇನೆ. ರಂಗೋಲಿಯೂ ತನ್ನ ಮೊದಲಿನ ಜಾಗಕ್ಕೆ ಬಂದಿದೆ.